ಬಲಪುಟಕ್ಕೆ ಹೋದ ಹೆಸರು

ವಾರ್ನಿಶ್ ವಾಸನೆ ಮೂಗಿಗೆ ತಾಗಿದರೆ ಸಾಕು, ಟೈಲರಮ್ಮ ಐವತ್ತೆಂಟರ ಹೆಂಗಸಾಗಿ ಉಳಿಯುತ್ತಿರಲಿಲ್ಲ. ಏಳು ವರ್ಷದ ಹುಡುಗಿಯಾಗಿಬಿಡುತ್ತಿದ್ದಳು. ಅಪ್ಪ ಬಡಗಿ. ಹಿತ್ತಿಲಲ್ಲಿ ಬೆಂಚುಗಳನ್ನು ಸಾಲಾಗಿ ನಿಲ್ಲಿಸಿ, ಜೇನಿನ ಬಣ್ಣದ ವಾರ್ನಿಶ್ ಎಳೆದು, "ಒಣಗೋ ತನಕ ಮುಟ್ಟಬೇಡ ಮಗಳೇ" ಎಂದು ಹೇಳಿ ಕೈ ತೊಳೆಯಲು ಹೋಗುತ್ತಿದ್ದ. ಅವನು ನಲ್ಲಿ ತಿರುಗಿಸುವಷ್ಟರಲ್ಲಿ ಇವಳ ತೋರುಬೆರಳು ಬೆಂಚಿನ ಮೇಲಿರುತ್ತಿತ್ತು. ಅಪ್ಪ ಒಂದು ದಿನವೂ ಬೈಯಲಿಲ್ಲ. ಕೆಲವು ಗುರುತುಗಳನ್ನು ಉಜ್ಜಿ ಮತ್ತೆ ಬಳಿಯುತ್ತಿದ್ದ, ಕೆಲವನ್ನು ಹಾಗೇ ಬಿಟ್ಟು ಕಳಿಸುತ್ತಿದ್ದ.

ಆ ಭಾನುವಾರ ಚರ್ಚಿನ ತುಂಬ ಅದೇ ವಾಸನೆ. ಶುಕ್ರವಾರ ಬೆಂಚುಗಳಿಗೆ ಹೊಡೆದ ವಾರ್ನಿಶ್ ಇನ್ನೂ ಒಣಗಿರಲಿಲ್ಲ. ಹಾಡಿಗೆಂದು ಎದ್ದಾಗಲೆಲ್ಲ ಸಭೆಗೆ ಸಭೆಯೇ ಚರ್ರೆಂದು ಬೆಂಚಿನಿಂದ ಕಿತ್ತುಕೊಂಡು ಏಳುತ್ತಿತ್ತು, ಮತ್ತೆ ಕೂತು ಅಂಟಿಕೊಳ್ಳುತ್ತಿತ್ತು. ಯಾರೂ ಚಕಾರ ಎತ್ತಲಿಲ್ಲ. ಬಣ್ಣ ಹೊಡೆದವರು ಮುಂದಿನ ಸಾಲಿನಲ್ಲೇ ಕೂತಿದ್ದರು; ಅವರ ಮನಸ್ಸು ನೋಯಬಾರದಲ್ಲ.

ಎರಡನೆಯ ಹಾಡು ಮುಗಿದ ಮೇಲೆ ಪಟ್ಟಿ ಮೇಷ್ಟ್ರು ಎದ್ದರು. ನಲವತ್ತು ವರ್ಷ ಶಾಲೆಯಲ್ಲಿ ಮಕ್ಕಳ ಹಾಜರಿ ಕರೆದವರು, ನಿವೃತ್ತಿಯ ನಂತರ ಪ್ರಾರ್ಥನೆಗಳ ಹಾಜರಿ ಕರೆಯುತ್ತಿದ್ದರು. ಅವರ ಬಳಿ ಉದ್ದನೆಯ ರಿಜಿಸ್ಟರು. ಎಡಪುಟದಲ್ಲಿ ಬೇಡಿಕೆ, ಬಲಪುಟದಲ್ಲಿ ಸ್ತೋತ್ರ. ಬೇಡಿಕೆ ನೆರವೇರಿದರೆ ಎಡಗಡೆಯ ಸಾಲನ್ನು ಕೆಂಪು ಶಾಯಿಯಿಂದ ಹೊಡೆದು, ಬಲಗಡೆಗೆ ದಾಟಿಸಿ, ಸಭೆಗೆ ಓದಿ ಹೇಳುವುದು ಕ್ರಮ. ಬಲಪುಟ ಓದಿ ಬಹಳ ಕಾಲವಾಗಿತ್ತು. ಅಂದು ಮೇಷ್ಟ್ರು ಕನ್ನಡಕ ಒರೆಸಿಕೊಂಡು ಬಲಪುಟಕ್ಕೆ ಬೆರಳಿಟ್ಟರು.

"ನಮ್ಮ ಮೈಕಣ್ಣನವರಿಗೆ ಮಾತು ಮರಳಿದೆ. ದೇವರಿಗೆ ಸ್ತೋತ್ರ."

"ಸ್ತೋತ್ರ" ಎಂದಿತು ಸಭೆ.

ಟೈಲರಮ್ಮ ಪಕ್ಕದಲ್ಲಿದ್ದ ಗಂಡನ ಬಾಯಿಯನ್ನೇ ನೋಡಿದಳು. ಮೈಕಣ್ಣ ಬಾಯಿ ತೆರೆದ, ಏನೂ ಬರಲಿಲ್ಲ, ಮುಚ್ಚಿದ. ಹಿಂದಿನ ಸಾಲಿನಲ್ಲಿದ್ದ ಮಂದ ಕಿವಿಯ ಅಜ್ಜಿ, "ನೋಡಿ, ಸಂತೋಷಕ್ಕೆ ಗಂಟಲು ಕಟ್ಟಿದೆ" ಎಂದು ಪಕ್ಕದವರಿಗೆ ಹೇಳಿ ಕಣ್ಣೊರೆಸಿಕೊಂಡಳು.

ಮೈಕಣ್ಣ ಇಪ್ಪತ್ತೊಂಬತ್ತು ವರ್ಷ ಸ್ಟೇಷನ್ನಿನಲ್ಲಿ ಗಾಡಿಗಳ ಹೊತ್ತು ಕೂಗುತ್ತಿದ್ದವನು. ಅವನ ದನಿ ಕೇಳಿ ಊರಿನವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಹದಿನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ, "ಎಂಟು ಹತ್ತರ ಗಾಡಿ ಎರಡನೇ ಪ್ಲಾಟ್‌ಫಾರಂಗೆ" ಎಂಬಲ್ಲಿಗೆ ಅವನ ಮಾತು ನಿಂತಿತು. ಗಾಡಿ ಬರುತ್ತದೋ, ಬರುವುದಿಲ್ಲವೋ, ಬಂದು ಏನು ಮಾಡುತ್ತದೋ ತಿಳಿಯದೆ ಜನ ಮೈಕಿನತ್ತ ಕತ್ತೆತ್ತಿ ನಿಂತೇ ಇದ್ದರಂತೆ. ಲಕ್ವ ಎಂದರು ಡಾಕ್ಟರು. ಕೈಕಾಲು ಒಂದೇ ತಿಂಗಳಲ್ಲಿ ಸರಿಹೋಯಿತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಮಾತು ಮಾತ್ರ ಇಲ್ಲ. ಪೆನ್ಸಿಲು ಕೊಟ್ಟರೆ ಅಕ್ಷರದ ಬದಲು ಉದ್ದುದ್ದ ಗೆರೆ. "ಮಾತು ಬರಬಹುದು, ಬರದೆಯೂ ಇರಬಹುದು. ಕಾಯಬೇಕು" ಎಂದಿದ್ದರು ಡಾಕ್ಟರು. ಅಂದಿನಿಂದ ಟೈಲರಮ್ಮನ ಬೇಡಿಕೆ ಒಂದೇ. ಹೊಲಿಗೆ ಯಂತ್ರ ತುಳಿಯುವಾಗ, ಕಾಜ ಹಾಕುವಾಗ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳುತ್ತಿದ್ದಳು: ಅವರು ನನ್ನನ್ನ ಒಂದು ಸಲ ಕರೆಯೋ ಹಾಗೆ ಮಾಡು, ಸ್ವಾಮಿ.

ಸಭೆ ಮುಗಿದದ್ದೇ ಅವಳು ಮೇಷ್ಟ್ರನ್ನು ಬಾಗಿಲಲ್ಲೇ ಹಿಡಿದಳು.

"ಮೇಷ್ಟ್ರೇ, ಇವರಿಗೆ ಮಾತು ಬಂದಿಲ್ಲ."

"ಬಂದಿದೆಯಮ್ಮ. ಗುರುವಾರ ಸ್ಟೇಷನ್ನಿಗೆ ಹೋಗಿದ್ದೆ. ಈ ಕಿವಿಯಿಂದಲೇ ಕೇಳಿದೆ. ಗಂಟೆ ಹೊಡೆದ ಹಾಗೆ ಮಾತಾಡ್ತಿದ್ರು."

"ಅದು ಟೇಪು ಮೇಷ್ಟ್ರೇ. ಯಾವ ಕಾಲದಲ್ಲೋ ಇವರ ಕೈಲಿ ಮಾತಾಡಿಸಿ ಇಟ್ಕೊಂಡಿದ್ರಂತೆ. ಈ ವಾರ ಬೀರುವಿನಲ್ಲಿ ಸಿಕ್ತು ಅಂತ ಹಾಕಿದ್ದಾರೆ. ನನ್ನನ್ನ ಕೇಳಿಯೇ ಹಾಕಿದ್ದು."

ಮೇಷ್ಟ್ರು ಕರುಣೆಯಿಂದ ನಕ್ಕರು. "ಹದಿನಾಲ್ಕು ತಿಂಗಳು ಬೇಡಿಕೊಂಡ ಮೇಲೆ ಸಿಕ್ಕಿದ್ದನ್ನ ನಂಬೋದು ಕಷ್ಟಾನೇ. ನಿಧಾನಕ್ಕೆ ಅಭ್ಯಾಸ ಆಗುತ್ತೆ."

"ಮನೇಲಿ ಒಂದು ಮಾತೂ ಆಡಿಲ್ಲ."

"ಇಷ್ಟು ದಿನದ ಮೇಲೆ ಕೆಲಸಕ್ಕೆ ಹೋಗಿದ್ದಾರೆ. ಮನೆಗೆ ಬಂದಾಗ ಸುಸ್ತಾಗಿರುತ್ತೆ" ಎಂದರು ಮೇಷ್ಟ್ರು. ಮೈಕಣ್ಣ ಹದಿನಾಲ್ಕು ತಿಂಗಳಿಂದ ಕೆಲಸಕ್ಕೆ ಹೋಗಿರಲಿಲ್ಲ. ಆ ಕ್ಷಣದಲ್ಲಿ ಅವನು ಅವರಿಬ್ಬರ ನಡುವೆ ನಿಂತು, ಮೇಷ್ಟ್ರ ಕೋಟಿಗೆ ಅಂಟಿದ್ದ ವಾರ್ನಿಶ್ಶನ್ನು ಕರವಸ್ತ್ರದಿಂದ ಮೆಲ್ಲಗೆ ಒರೆಸುತ್ತಿದ್ದ.

ಪಾದ್ರಿಗಳ ಕೋಣೆಗೆ ಹೋದಳು. ಪಾದ್ರಿಗಳು ತೆಳ್ಳಗಿನ, ಒಳ್ಳೆಯ ಮನುಷ್ಯ. ಯಾರಿಗೂ ಇಲ್ಲ ಅನ್ನಲಾರದೆ ಎಲ್ಲದಕ್ಕೂ ನಿಯಮದ ಪುಸ್ತಕ ತೆಗೆಯುತ್ತಿದ್ದರು.

"ಬಲಪುಟದಿಂದ ಎಡಪುಟಕ್ಕೆ ವಾಪಸ್ ತರೋದಕ್ಕೆ ಅವಕಾಶ ಇಲ್ಲಮ್ಮ. ಕೊಟ್ಟದ್ದನ್ನ ದೇವರ ಕೈಗೇ ಹಿಂದಿರುಗಿಸಿದ ಹಾಗಾಗುತ್ತೆ ಅಂತ ಹಿರಿಯರು ಬರೆದಿಟ್ಟಿದ್ದಾರೆ."

"ಕೊಟ್ಟೇ ಇಲ್ಲವಲ್ಲ ಅಯ್ಯನವರೇ."

"ಅದೂ ನಿಜ. ಹಾಗಾದ್ರೆ ಹೊಸದಾಗಿ ಎಡಪುಟಕ್ಕೆ ಬರೆಸಬೇಕು. ನೆರವೇರಿದ ಬೇಡಿಕೆಯನ್ನ ಮತ್ತೆ ಬರೆಸೋ ಹಾಗಿಲ್ಲ. ನೆರವೇರಿಲ್ಲ ಅಂತ ಮಹಾಸಭೆ ತೀರ್ಮಾನ ಮಾಡಬೇಕು. ಮಹಾಸಭೆ ಇನ್ನು ಏಳು ತಿಂಗಳಿಗೆ." ಪುಸ್ತಕ ಮುಚ್ಚಿ, ತಗ್ಗಿದ ದನಿಯಲ್ಲಿ, "ಅಲ್ಲಿವರೆಗೆ ಕಾಯಬೇಕಮ್ಮ" ಎಂದರು.

"ಕಾಯೋದಕ್ಕೆ ಶುರು ಮಾಡೋದಕ್ಕೇ ಕಾಯಬೇಕಾ?"

ಪಾದ್ರಿಗಳು ಯೋಚಿಸಿ, ನಿಯಮದ ಪ್ರಕಾರ ಹೌದು ಎಂದರು. ಹೋಗುವಾಗ ಅವಳ ಕೈಚೀಲಕ್ಕೆ ನಾಲ್ಕು ಕಿತ್ತಳೆ ಹಾಕಿದರು.

ಮನೆಗೆ ಬಂದವಳು ಕಿತ್ತಳೆಯನ್ನು ಮೇಜಿನ ಮೇಲೆ ಸುರುವಿ, ತಲೆ ಮೇಲೆ ಕೈಹೊತ್ತು ಕೂತಳು. ಅವಳಿಗೆ ನುಂಗಲಾರದ ಸಂಗತಿ ಬೇರೆಯೇ ಇತ್ತು. ಹದಿನಾಲ್ಕು ತಿಂಗಳು ಪ್ರತಿ ಭಾನುವಾರ ಅವಳ ಸಾಲನ್ನು ಓದಿದಾಗ ಇನ್ನೂರು ಜನ ಒಟ್ಟಿಗೆ ಆಮೆನ್ ಅನ್ನುತ್ತಿದ್ದರು. ಆ ಇನ್ನೂರು ಆಮೆನ್‌ಗಳ ಮೇಲೆ ಬೆನ್ನಿಟ್ಟು ಅವಳು ವಾರ ತಳ್ಳುತ್ತಿದ್ದಳು. ಈಗ ಇವರ ಮಾತಿಗಾಗಿ ಕೇಳುವವಳು ಭೂಮಿಯ ಮೇಲೆ ತಾನೊಬ್ಬಳೇ. ಒಬ್ಬಳ ದನಿ ಅಷ್ಟೆತ್ತರಕ್ಕೆ ಏರೀತೆ?

ಮೈಕಣ್ಣನ ತಂಗಿ ಮೇಲಿನ ಮಹಡಿಯಲ್ಲಿದ್ದಳು. ಅಂಚೆ ಕಚೇರಿಯಲ್ಲಿ ದಿನವಿಡೀ ಕಾಗದಗಳಿಗೆ ಸೀಲು ಹಾಕುವವಳು. ಮಾತೂ ಸೀಲು ಬಿದ್ದ ಹಾಗೆಯೇ.

"ಅತ್ತಿಗೆ, ಸೀಲು ಬಿದ್ದದ್ದು ಬಿತ್ತು. ಸುಮ್ಮನಿರಿ" ಎಂದಳು ಕಿತ್ತಳೆ ಸುಲಿಯುತ್ತಾ.

"ಬಂದಿಲ್ಲದ ಮಾತನ್ನ ಬಂತು ಅಂತಾರಲ್ಲೇ. ಸುಳ್ಳಲ್ವಾ?"

"ನೀವು ಹೇಳಿದ ಸುಳ್ಳಾ? ಅಲ್ಲ. ಅಣ್ಣ ಹೇಳಿದ್ದಾ? ಅವನೇನು ಹೇಳ್ತಾನೆ ಪಾಪ." ಒಂದು ತೊಳೆ ಬಾಯಿಗೆ ಹಾಕಿಕೊಂಡಳು. "ಇನ್ನೊಂದು ಮಾತು ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ನೀವು ಅಣ್ಣನ ಮುಖ ನೋಡಿ ಎಷ್ಟು ದಿನ ಆಯ್ತು? ಬರೀ ಬಾಯಿ ನೋಡ್ತೀರಿ. ಹಲ್ಲಿನ ಡಾಕ್ಟರ ಹಾಗೆ."

ಟೈಲರಮ್ಮನಿಗೆ ಮೈಯೆಲ್ಲ ಉರಿಯಿತು. ಆದರೂ ಒಂದು ಅರ್ಧ ಹಣ್ಣನ್ನು ನಾದಿನಿಯ ಕಡೆ ಸರಿಸಿದಳು.

ಮಾತು ಬಂದವರನ್ನು ಸುಮ್ಮನೆ ಬಿಡುವ ಸಭೆಯಲ್ಲ ಅದು. ಮುಂದಿನ ಭಾನುವಾರದ ಬೈಬಲ್ ಪಾಠ ಓದಲು ಮೈಕಣ್ಣನ ಹೆಸರು ಹಾಕಿದರು. ಬೇಡವೆನ್ನುತ್ತಾನೆಂದು ಟೈಲರಮ್ಮ ಕಾದಳು. ಅವನು ತಲೆಯಾಡಿಸಿ, ತಾನೇ ಅಂಗಿಗೆ ಇಸ್ತ್ರಿ ಹಾಕಿಕೊಂಡ.

ಓದುವ ಪೀಠದ ಮೈಕನ್ನು ಯಾರೋ ಮೊದಲೇ ಅವನ ಎತ್ತರಕ್ಕೆ ತಗ್ಗಿಸಿಟ್ಟಿದ್ದರು. ಮೈಕಣ್ಣ ಪುಸ್ತಕ ತೆರೆದು, ಸಭೆಯನ್ನೊಮ್ಮೆ ನೋಡಿ, ತುಟಿಯಾಡಿಸುತ್ತಾ ನಿಂತ. ಒಂದು ಸೊಲ್ಲೂ ಇಲ್ಲ. ಹೊತ್ತಿಗೆ ಸರಿಯಾಗಿ ಪುಟ ಮಗುಚಿದ. ಚರ್ಚಿಗೂ ಸ್ಟೇಷನ್ನಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಐದನೆಯ ನಿಮಿಷಕ್ಕೆ ಕಿಟಕಿಯಿಂದ ಅವನ ದನಿ ಬಂತು, ತುಂಬು ಗಂಟಲಿನ, ಅವಸರವಿಲ್ಲದ ದನಿ:

"ಪ್ರಯಾಣಿಕರ ಗಮನಕ್ಕೆ. ಗಾಡಿ ತಡವಾಗಿ ಬರಲಿದೆ. ದಯವಿಟ್ಟು ಕಾದಿರಿ."

"ಆಮೆನ್" ಎಂದಿತು ಸಭೆ.

ಇಷ್ಟು ಚಿಕ್ಕದಾಗಿ, ಇಷ್ಟು ಸ್ಪಷ್ಟವಾಗಿ ಯಾರೂ ಪಾಠ ಓದಿರಲಿಲ್ಲ ಎಂದು ಬಾಗಿಲಲ್ಲಿ ಜನ ಅವನ ಕೈಕುಲುಕಿದರು. ಮಂದ ಕಿವಿಯ ಅಜ್ಜಿ, "ಒಂದಕ್ಷರವೂ ಬಿಡದ ಹಾಗೆ ಕೇಳಿಸ್ತಪ್ಪ" ಎಂದಳು.

ಅಲ್ಲಿಂದ ಮೈಕಣ್ಣನಿಗೆ ಬಿಡುವೇ ಇಲ್ಲ. ಚರ್ಚಿನ ಆಡಳಿತ ಸಮಿತಿಗೆ ಆರಿಸಿದರು. ಮೂರು ತಾಸು ಕಚ್ಚಾಡುತ್ತಿದ್ದ ಸಮಿತಿ, ಅವನು ಸೇರಿದ ಮೇಲೆ ಮುಕ್ಕಾಲು ತಾಸಿಗೆ ಸಭೆ ಮುಗಿಸತೊಡಗಿತು. ಯಾರು ದನಿಯೇರಿಸಿದರೂ ಅವನು ಅವರನ್ನೇ ಗಮನವಿಟ್ಟು ನೋಡುತ್ತಿದ್ದ. ಅವರು ತಮ್ಮ ಮಾತು ತಮಗೇ ಕೇಳಿಸಿ ಕೂತುಬಿಡುತ್ತಿದ್ದರು. ತಮ್ಮ ಮನೆಗಳ ನಡುವಿನ ಗೋಡೆಯ ವಿಷಯಕ್ಕೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದ ಬೇಕರಿಯ ಅಣ್ಣತಮ್ಮಂದಿರು ಪಂಚಾಯಿತಿಗೆಂದು ಟೈಲರಮ್ಮನ ಮನೆಗೇ ಬಂದರು. ಮೈಕಣ್ಣನ ಮುಂದೆ ಅಣ್ಣ ಒಂದು ತಾಸು ಹೇಳಿದ, ತಮ್ಮ ಒಂದು ತಾಸು ಹೇಳಿದ. ಆಮೇಲೆ ಇಬ್ಬರೂ ಅವನನ್ನು ನೋಡಿದರು. ಅವನು ಇಬ್ಬರನ್ನೂ ನೋಡಿದ. "ಸರಿ ಬಿಡಿ, ನೀವು ಹೇಳೋದೇ ನ್ಯಾಯ" ಎಂದು ಅಣ್ಣ ಎದ್ದ. "ನಾನೂ ಒಪ್ಪಿದೆ" ಎಂದ ತಮ್ಮ. ಏನನ್ನು ಒಪ್ಪಿದರೋ, ಗೋಡೆ ಮಾತ್ರ ಮರುದಿನ ಬಿತ್ತು.

ಟೈಲರಮ್ಮ ಹೊಲಿಗೆ ಯಂತ್ರದ ಹಿಂದೆ ಕೂತು ಇದನ್ನೆಲ್ಲ ಕಣ್ಣುಕಣ್ಣು ಬಿಟ್ಟು ನೋಡಿದಳು. ಊರಿಗೆಲ್ಲ ಮಾತಾಡುವ ಗಂಡ ತನಗೊಬ್ಬಳಿಗೇ ಮೂಕ.

ಒಂದು ಭಾನುವಾರ ಧೈರ್ಯ ಮಾಡಿ ತಾನೇ ಪೀಠಕ್ಕೆ ಹೋಗಿ ನಿಂತಳು. "ಇವರಿಗೆ ಇನ್ನೂ ಮಾತು ಬಂದಿಲ್ಲ. ದಯವಿಟ್ಟು ಪ್ರಾರ್ಥಿಸಿ" ಎಂದಳು. ಸಭೆ ಮೆಚ್ಚುಗೆಯಿಂದ ತಲೆದೂಗಿತು. ಎಂಥ ದೀನತೆ, ಸಿಕ್ಕ ಮೇಲೂ ಬೇಡುತ್ತಾಳಲ್ಲ ಎಂದು ಪಾದ್ರಿಗಳು ಪ್ರಸಂಗದಲ್ಲಿ ಎರಡು ಸಲ ಹೊಗಳಿದರು.

ಮರುದಿನ ಮಧ್ಯಾಹ್ನ ಅವಳು ಒಬ್ಬರ ಕೋಟಿನ ತೋಳನ್ನು ಅರ್ಧಕ್ಕೇ ಬಿಟ್ಟು ಸ್ಟೇಷನ್ನಿಗೆ ಹೋದಳು. ಎರಡನೇ ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕೂತು, ಮೇಲಿನ ಮೈಕಿಗೆ ಹೇಳಿದಳು:

"ಎಲ್ಲರ ಹತ್ರಾನೂ ಮಾತಾಡ್ತೀರಿ. ನನ್ನನ್ನ ಒಂದು ಸಲ ಕರೀರಿ ನೋಡೋಣ."

"ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂದಿತು ಮೈಕು.

ಪಕ್ಕದಲ್ಲಿ ಮೂಟೆ ಇಳಿಸಿ ಕೂತಿದ್ದ ಹಮಾಲಿ ಅವಳನ್ನು ನೋಡಿದ. ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಆದರೂ ಎದ್ದುಹೋಗಲಿಲ್ಲ, ಬಿಸಿಲು ಅವಳ ಮುಖಕ್ಕೆ ಬೀಳದಂತೆ ಮೂಟೆಯನ್ನು ಎತ್ತಿ ನಿಲ್ಲಿಸಿ, ಮತ್ತೆ ತನ್ನಷ್ಟಕ್ಕೆ ಕೂತ. ಆ ನೆರಳಿನಲ್ಲಿ ಅವಳಿಗೆ ಅಳು ಬಂತು. ಅತ್ತು ಹಗುರಾದ ಮೇಲೆ ಅವಳ ಪ್ರಾರ್ಥನೆ ಎಂದಿಗಿಂತ ಚಿಕ್ಕದಾಗಿತ್ತು. ಸ್ವಾಮಿ, ಪಟ್ಟಿಯಲ್ಲಿ ನಾನಿಲ್ಲ. ನಿನಗೆ ಗೊತ್ತಲ್ಲ. ಅಷ್ಟೇ. ಗಾಡಿ ಬಂತು, ಹೋಯಿತು. ಅವಳು ಮನೆಗೆ ಹೋಗಿ ತೋಳು ಹೊಲಿದು ಮುಗಿಸಿದಳು.

ಹೀಗೆ ನಾಲ್ಕು ತಿಂಗಳು ಕಳೆದವು. ಮತ್ತೆ ಮೈಕಣ್ಣನ ಓದುವ ಸರದಿ ಬಂತು. ಅವನು ಪುಸ್ತಕ ತೆರೆದ, ತುಟಿಯಾಡಿಸಿದ, ಪುಟ ಮಗುಚಿದ. ಸಭೆ ಆಮೆನ್ ಅನ್ನಲು ಸಿದ್ಧವಾಗಿ ಕೂತಿತ್ತು. ಆಗ ಕಿಟಕಿಯಿಂದ ಒಂದು ಹೆಣ್ಣುದನಿ ಬಂತು. ಎಳೆಯ, ಚುರುಕಾದ, ಯಾರದೋ ದನಿ:

"ಪ್ರಯಾಣಿಕರ ಗಮನಕ್ಕೆ. ಎಂಟು ಹತ್ತರ ಗಾಡಿ ಎರಡು ತಾಸು ತಡವಾಗಿ ಓಡುತ್ತಿದೆ."

ಯಾರೂ ಆಮೆನ್ ಅನ್ನಲಿಲ್ಲ. ಮಂದ ಕಿವಿಯ ಅಜ್ಜಿ, "ಪಾಪ, ನೆಗಡಿ ಆಗಿದೆ ಅನ್ಸುತ್ತೆ" ಎಂದಳು. ಸ್ಟೇಷನ್ನಿನಲ್ಲಿ ಹೊಸ ಯಂತ್ರ ಕೂರಿಸಿದ್ದರು.

ಗೋಡೆಯಾಚೆ ಇದ್ದ ಅವನ ದನಿಯೂ ಹೋಯಿತು. ಇನ್ನು ಎಲ್ಲೂ ಇಲ್ಲ. ಟೈಲರಮ್ಮ ತಲೆಯೆತ್ತಿ ಗಂಡನನ್ನು ನೋಡಿದಳು. ಅಭ್ಯಾಸಬಲದಿಂದ ಬಾಯಿಯತ್ತ ಹೋದ ಕಣ್ಣು, ಅಲ್ಲಿ ನಿಲ್ಲದೆ ಇನ್ನೂ ಸ್ವಲ್ಪ ಮೇಲೆ ಹೋಯಿತು. ಮೈಕಣ್ಣ ಅವಳನ್ನೇ ನೋಡುತ್ತಿದ್ದ. ಇನ್ನೂರು ಜನರ ನಡುವೆ ನೇರ ಅವಳೊಬ್ಬಳನ್ನೇ. ಎಷ್ಟು ದಿನದಿಂದ ಹೀಗೆ ನೋಡುತ್ತಿದ್ದನೋ. ಅವನ ಹುಬ್ಬು ಪೂರ್ತಿ ಬೆಳ್ಳಗಾಗಿದ್ದುದು ಅವಳಿಗೆ ಈಗ ಕಂಡಿತು. ಅವನು ಪುಸ್ತಕ ಮುಚ್ಚಿ, ಇಳಿದು ಬಂದು, ಪಕ್ಕದಲ್ಲಿ ಕೂತ.

ಮೂಲೆಯಲ್ಲಿ ಪಟ್ಟಿ ಮೇಷ್ಟ್ರ ಮುಖ ಸುಣ್ಣದ ಹಾಗಾಗಿತ್ತು.

ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಮೇಷ್ಟ್ರು ಕಂಕುಳಲ್ಲಿ ರಿಜಿಸ್ಟರು, ಕೈಯಲ್ಲಿ ಶಾಯಿ ಬಾಟಲಿ ಹಿಡಿದು ಹೊಸ್ತಿಲಾಚೆ ನಿಂತಿದ್ದರು.

"ಒಳಗೆ ಬನ್ನಿ ಮೇಷ್ಟ್ರೇ."

"ಬರೋದಿಲ್ಲಮ್ಮ. ಒಳಗೆ ಬರೋ ಮುಖ ಇಲ್ಲ. ತಪ್ಪು ತಿದ್ದಿ ಹೋಗ್ತೀನಿ."

"ಹೊಸ್ತಿಲಲ್ಲಿ ನಿಂತು ಹೇಗೆ ಬರೀತೀರಿ?"

ಅದನ್ನು ಅವರು ಯೋಚಿಸಿರಲಿಲ್ಲ. ಬಂದು, ಹೊಲಿಗೆ ಮೇಜಿನ ಪಕ್ಕದ ಸ್ಟೂಲಿನ ತುದಿಯಲ್ಲಿ ಕೂತರು. ರಿಜಿಸ್ಟರು ತೆರೆದರು.

"ನಲವತ್ತು ವರ್ಷದಲ್ಲಿ ಬಂದ ಹುಡುಗನ್ನ ಬಂದಿಲ್ಲ ಅಂತ ಒಂದೆರಡು ಸಲ ಬರೆದಿದ್ದೀನಿ. ಬಾರದವನನ್ನ ಬಂದ ಅಂತ ಬರೆದದ್ದು ಇದೇ ಮೊದಲು."

"ಹೋಗಲಿ ಬಿಡಿ."

"ಹೇಗೆ ಬಿಡ್ಲಿ? ನೀವು ಅವತ್ತೇ ಹೇಳಿದ್ರಿ. ಟೇಪು ಅಂತ ನನಗೂ ಒಳಗೊಳಗೆ ಅನ್ನಿಸಿತ್ತು." ಮೇಷ್ಟ್ರು ಕನ್ನಡಕ ತೆಗೆದರು. "ನಲವತ್ತೊಂದು ಬೇಡಿಕೆ ಇದೆಯಮ್ಮ ಈ ಪುಟದಲ್ಲಿ. ಎರಡು ವರ್ಷದಿಂದ ಒಂದೂ ದಾಟಿಲ್ಲ. ಪ್ರತಿ ಭಾನುವಾರ ಅದನ್ನೇ ಓದಿ ಓದಿ ನನ್ನ ಬಾಯಿ ಸೋತುಹೋಗಿತ್ತು. ಒಂದಾದ್ರೂ ದಾಟಲಿ ಅಂತ ಆಸೆ. ಆ ದನಿ ಕೇಳಿದ್ದೇ ತಡ, ಪ್ಲಾಟ್‌ಫಾರಂನಲ್ಲೇ ನಿಂತು ಅತ್ತುಬಿಟ್ಟೆ."

ಟೈಲರಮ್ಮ ಪುಟದ ಮೇಲೆ ಬಗ್ಗಿದಳು. ಎಲ್ಲಕ್ಕಿಂತ ಮೇಲೆ, ಶಾಯಿ ಮಾಸಿಹೋದ ಒಂದು ಸಾಲಿತ್ತು. 'ಒಬ್ಬರಿಗೆ ನಿದ್ದೆ.' ಹೆಸರಿಲ್ಲ. ಒಂಬತ್ತು ವರ್ಷದಿಂದ ಪ್ರತಿ ಭಾನುವಾರ ಅದಕ್ಕೆ ಆಮೆನ್ ಅಂದಿದ್ದಳು. ಯಾರ ನಿದ್ದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಮೇಷ್ಟ್ರ ಕಣ್ಣ ಕೆಳಗಿನ ಕಪ್ಪನ್ನು ಈಗ ಹತ್ತಿರದಿಂದ ಕಂಡಳು.

"ಇದು ನಿಮ್ಮದಾ ಮೇಷ್ಟ್ರೇ?"

"ಅದು ಹಳೇದು ಬಿಡಮ್ಮ." ಅವರು ಅವಸರದಿಂದ ಬಲಪುಟಕ್ಕೆ ಹೊರಳಿದರು. "ಇದನ್ನ ಹೊಡೆದುಹಾಕ್ತೀನಿ. ನಿಯಮ ಏನೇ ಇರಲಿ."

ಲೇಖನಿ ಕಾಗದಕ್ಕೆ ತಾಗುವ ಮುಂಚೆ ಟೈಲರಮ್ಮ ಅವರ ಕೈ ಹಿಡಿದಳು. ನಾಲ್ಕು ತಿಂಗಳು ಇದಕ್ಕಾಗಿಯೇ ಕಾಡಿದವಳು, ಯಾಕೆ ಹಿಡಿದಳೆಂದು ಅವಳಿಗೇ ಪೂರ್ತಿ ತಿಳಿಯಲಿಲ್ಲ. ನೆನಪಾದದ್ದು ಬಿದ್ದ ಗೋಡೆ, ಬೇಗ ಮುಗಿಯುವ ಸಭೆಗಳು, ಬೆಳಿಗ್ಗೆ ಕಂಡ ಬಿಳಿ ಹುಬ್ಬು.

"ಹೊಡೀಬೇಡಿ. ಇದು ಇಲ್ಲೇ ಇರಲಿ. ಎಡಗಡೆ ಕೊನೇಲಿ ಇನ್ನೊಂದು ಸಲ ಬರೀರಿ."

"ಎರಡೂ ಕಡೆನಾ? ಬಂದಿದೆ ಅಂತಾನೂ, ಬರಲಿ ಅಂತಾನೂ? ಇದು ಯಾವ ಲೆಕ್ಕಕ್ಕೂ ಬರೋದಿಲ್ಲಮ್ಮ."

"ಕೊಡೋನು ಪಟ್ಟಿ ನೋಡಿ ಕೊಡ್ತಾನಾ ಮೇಷ್ಟ್ರೇ? ಅವನು ಕೊಡೋ ತನಕ ನಾನು ಕೇಳ್ತೀನಿ. ಕೇಳ್ತಾ ಇರುವಾಗ ಕೊಟ್ಟಿರೋದಕ್ಕೆ ಸ್ತೋತ್ರಾನೂ ಹೇಳ್ತೀನಿ."

"ನಿಯಮಕ್ಕೆ ಏನು ಹೇಳೋದು?"

"ಸ್ವಲ್ಪ ಕಾಯೋಕೆ ಹೇಳಿ" ಎಂದಳು ಟೈಲರಮ್ಮ.

ಮೇಷ್ಟ್ರಿಗೆ ನಗು ಬಂತು. ನಕ್ಕು, ಬಗ್ಗಿ, ಎಡಪುಟದ ಕೊನೆಯಲ್ಲಿ ನಿಧಾನವಾಗಿ ಬರೆದರು. ಬರೆದಾದ ಮೇಲೆ ಅವಳು ರಿಜಿಸ್ಟರನ್ನು ತನ್ನತ್ತ ಎಳೆದುಕೊಂಡು, ಮೇಲಿನ ಮಾಸಿದ ಸಾಲಿನ ಅಕ್ಷರಗಳನ್ನು ಕಪ್ಪು ಶಾಯಿಯಿಂದ ಒಂದೊಂದಾಗಿ ತಿದ್ದಿ ಗಾಢ ಮಾಡಿದಳು. ಮೇಷ್ಟ್ರು ಬೇಡ ಅನ್ನಲಿಲ್ಲ. ಏಳಲು ಹೊರಟವರು ಮೇಜು ಹಿಡಿದು ಮತ್ತೆ ಕೂತರು. ಬೆಳಗಿನಿಂದ ಹೊಟ್ಟೆಗೆ ಏನೂ ಹೋಗಿರಲಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮೈಕಣ್ಣ ತಟ್ಟೆ ಹಿಡಿದು ಬಂದ. ಬೇಯಿಸಿದ ಆಲೂಗಡ್ಡೆ, ಒಂದು ಮೊಟ್ಟೆ, ಬ್ರೆಡ್ಡು. ಮೇಷ್ಟ್ರಿಗೆ ಹಲ್ಲು ಕಮ್ಮಿಯೆಂದು ಬ್ರೆಡ್ಡಿನ ಅಂಚು ತೆಗೆದು ಸಣ್ಣದಾಗಿ ಹೆಚ್ಚಿದ್ದ. ತಟ್ಟೆಯನ್ನು ಅವರ ಕೈಗಿಟ್ಟು, ಅವರು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಳ್ಳುವವರೆಗೂ ಕಾದು, ಆಮೇಲೆ ಬಿಟ್ಟ.